ಅಮೇರಿಕಾದ ಸೂಟಿ, ಫಕ್ಕೀರಪ್ಪನ ಹತ್ತಿ

ಗೊತ್ತಿಲ್ಲದ ವಿಷಯದಲ್ಲಿ ನನಗೆ ಯಾವತ್ತೂ ಗೊಂದಲವಾಗಿದ್ದಿಲ್ಲ. ಗೊತ್ತಿಲ್ಲ ಎಂದು ಹೇಳಿ ಕೈ ತೊಳೆದುಕೊಂಡರೆ ಮುಗಿಯಿತು, ಉಂಡ ಅನ್ನವಾದರೂ ಅರಗುತ್ತದೆ. ಸ್ವಲ್ಪ ಗೊತ್ತಾದ ಮೇಲೆಯೇ ನನ್ನ ತಲೆ ಕೆಡಲು ಶುರುವಾಗುವುದು. ಅಣ್ಣಿಗೇರಿ ಬಸ್ಸು ಎಷ್ಟು ಗಂಟೆಗೆ ಎಂದು ಒಬ್ಬರನ್ನು ಕೇಳಿದರೆ ನನಗೆ ಬಸ್ಸು ಸಿಗುತ್ತದೆ. ಖಾತ್ರಿ ಮಾಡಿಕೊಳ್ಳೋಣವೆಂದು ಇನ್ನಿಬ್ಬರನ್ನು ಕೇಳಿದೆನೋ, ಬಸ್ಸು ಕಣ್ಣೆದುರಿಗೇ ಹೊರಟುಹೋಗುತ್ತಿರುತ್ತದೆ, ಮೂರನೆಯವನ ಮಾತಿನಂತೆ ಅದು ನನ್ನ ಬಸ್ಸಲ್ಲವೆಂದು ನಾನು ನಿಂತೇ ಇರುತ್ತೇನೆ. ನಮ್ಮಾಕೆ ಮದುವೆಯಾದ ಹೊಸದರಲ್ಲೇ ಇದನ್ನು ಪತ್ತೆ ಹಚ್ಚಿದ್ದಳು. "ನಿಮ್ಮನ್ನ ಒಂದ ಮಾತ ಕೇಳಿದ್ರ ಹೇಳ್ತೀರಿ, ಎರಡ ಕೇಳಿದ್ರ ತಲಿ ಹಿಡಕೊಂಡ ಕುಂಡರ್ತೀರಿ" ಎಂದು ತನ್ನ ತವರಿನವರೆದುರಿಗೇ ಹೇಳಿದ್ದಳು. ಇಂಥವನನ್ನು ಹುಡುಕಿ ಸರ್ಕಾರ ಸಮಾಜ ಪಾಠದ ಮಾಸ್ತರನನ್ನಾಗಿ ಮಾಡಿತು. ಇತಿಹಾಸ, ಭೂಗೋಳ, ಪೌರನೀತಿ ಮೂರೂ ನನ್ನ ಪಾಲಿಗೇ ಬಂದವು.

ಇದು ಎಂಬತ್ತರ ದಶಕದ ಮಾತು. ನವಲಗುಂದ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನಿದ್ದೆ. ನಾಲ್ಕು ಕೋಣೆಗಳ ಕಟ್ಟಡ, ಸುತ್ತ ಕಣ್ಣು ಹರಿಯುವಷ್ಟು ದೂರ ಎರೆ ಹೊಲ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹೆಡ್ ಮಾಸ್ತರರು ನನ್ನನ್ನು ಕರೆದು ಒಂದು ಕಾಗದ ಮುಂದೆ ಚಾಚಿದರು.

"ಮಾಸ್ತರ, ತಾಲೂಕಿನಾಗ ಸಾಲಿಗಳ ಪ್ರದರ್ಶನ ಐತಿ. ನಮ್ಮ ಪಾಲಿಗೆ ಈ ವಿಷಯ ಬಂದೈತಿ ನೋಡ್ರಿ: 'ವಿವಿಧ ದೇಶಗಳಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳ ಜೀವನ.' ಒಂದ ದೊಡ್ಡ ಚಾರ್ಟ್ ಮಾಡ್ರಿ."

"ಸರ, ನಾ ಅಳ್ನಾವರ ದಾಟಿ ಹೋದಾಂವ ಅಲ್ರಿ" ಎಂದೆ.

"ಭೂಗೋಳ ಕಲಸ್ತೀರಿಲ್ಲೋ? ಸಮುದ್ರ ನೋಡಿ ಕಲಿಸಾಕತ್ತೀರೇನು?" ಎಂದರು. ಕಾಗದ ಇಸಿದುಕೊಂಡು ಬಂದೆ.

ದೇಶಗಳನ್ನು ಎಲ್ಲಿಂದ ತರುವುದು? ಮೊದಲು ಸಿಕ್ಕಿದ್ದು ರಷ್ಯಾ. ಆ ಕಾಲದಲ್ಲಿ ರಷ್ಯಾದಿಂದ ನುಣುಪು ಕಾಗದದ ಒಂದು ಪತ್ರಿಕೆ ಕನ್ನಡದಲ್ಲೇ ಬರುತ್ತಿತ್ತು. ಊರ ಗೌಡರು ಅದಕ್ಕೆ ಚಂದಾ ಕಟ್ಟಿದ್ದರು, ಓದಲಿಕ್ಕಲ್ಲ, ಹುಡುಗರ ಪುಸ್ತಕಕ್ಕೆ ರಟ್ಟು ಹಾಕಲಿಕ್ಕೆ. ಹಾಗಾಗಿ ರಷ್ಯಾದ ಶಾಲೆಗಳ ವರದಿ ನಮ್ಮ ಹತ್ತನೇ ತರಗತಿಯಲ್ಲಿ ಮೂರು ಪುಸ್ತಕಗಳ ಮೇಲೆ ಹಂಚಿಹೋಗಿತ್ತು. ಆರಂಭ ಒಬ್ಬನ ಗಣಿತದ ಪುಸ್ತಕದ ಮೇಲೆ, ನಡುವಿನ ಭಾಗ ಇನ್ನೊಬ್ಬಳ ವಿಜ್ಞಾನದ ಮೇಲೆ, ಕೊನೆಯದು ಒಬ್ಬ ಹುಡುಗನ ಹಿಂದಿ ಪುಸ್ತಕದ ಮೇಲೆ. ಆ ಹುಡುಗ ಯಮನೂರಿನ ಅಜ್ಜಿ ಮನೆಗೆ ಹೋದವನು ಎಂಟು ದಿನವಾದರೂ ಬಂದಿರಲಿಲ್ಲ. ಹೀಗಾಗಿ ರಷ್ಯಾದ ವಿದ್ಯಾರ್ಥಿ ಬೆಳಿಗ್ಗೆ ಎದ್ದು ಶಾಲೆಗೆ ಹೋಗುವುದು ನನಗೆ ತಿಳಿಯಿತು, ಸಂಜೆ ಮನೆಗೆ ಬರುತ್ತಾನೋ ಇಲ್ಲವೋ ತಿಳಿಯಲಿಲ್ಲ. ಅಮೇರಿಕಾ ಸಿಕ್ಕಿದ್ದು ಹುಬ್ಬಳ್ಳಿಯ ಹಳೇ ಪುಸ್ತಕದ ಅಂಗಡಿಯಲ್ಲಿ, ಹರಿದ ಇಂಗ್ಲಿಷ್ ಪುಸ್ತಕವೊಂದರೊಳಗೆ. ಜಪಾನು ಮಾತ್ರ ತಾನಾಗಿಯೇ ರೇಡಿಯೋದಲ್ಲಿ ಬಂತು. "ಜಪಾನಿನ ಶಾಲೆಗಳಲ್ಲಿ ಮಕ್ಕಳೇ ಕಸ ಗುಡಿಸಿ, ನೆಲ ಒರೆಸಿ..." ಎನ್ನುವಷ್ಟರಲ್ಲಿ ಸೆಲ್ಲು ಸತ್ತು ರೇಡಿಯೋ ಮೂಕಾಯಿತು. ಸೆಲ್ಲನ್ನು ಬಿಸಿಲಿಗಿಟ್ಟು, ಹಲ್ಲಿನಿಂದ ಕಚ್ಚಿ, ಮತ್ತೆ ಹಾಕಿ ನೋಡಿದೆ. ಜಪಾನು ಮುಗಿದು ಕೃಷಿ ವಾರ್ತೆ ಬರುತ್ತಿತ್ತು. ಕಸ ಗುಡಿಸಿದ ಮೇಲೆ ಆ ಮಕ್ಕಳು ಏನು ಮಾಡುತ್ತವೆ, ಪಾಠವೆಂಬುದು ಇದೆಯೋ ಇಲ್ಲವೋ, ದೇವರಿಗೇ ಗೊತ್ತು.

ಅಂತೂ ಚಾರ್ಟು ಆಯಿತು. ಎಡಗಡೆ ಸಾಲಾಗಿ ಪ್ರಶ್ನೆಗಳು: ಶಾಲೆಗೆ ಹೇಗೆ ಬರುತ್ತಾರೆ, ಏನು ಕೆಲಸ ಮಾಡುತ್ತಾರೆ, ಸೂಟಿ ಎಷ್ಟು, ಮಾಸ್ತರರು ಹೇಗಿರುತ್ತಾರೆ. ಮೇಲೆ ಅಮೇರಿಕಾ, ರಷ್ಯಾ, ಜಪಾನ್, ಕೊನೆಗೆ ನಮ್ಮ ದೇಶ. ನನ್ನ ಅಕ್ಷರ ದಪ್ಪ. ಅಮೇರಿಕಾ ಬರೆಯುವಷ್ಟರಲ್ಲೇ ಅರ್ಧ ಹಾಳೆ ತುಂಬಿತು. "ಹಿಂದಿನ ಕಾಲದಲ್ಲಿ ಮಕ್ಕಳು ಹೊಲದ ಕೆಲಸಕ್ಕೆ ಬೇಕಾಗುತ್ತಿದ್ದರಿಂದ ದೀರ್ಘ ರಜೆ ರೂಢಿಗೆ ಬಂದಿತೆಂದು ಹೇಳುತ್ತಾರೆ" ಎಂದು ಆ ಹರಕು ಪುಸ್ತಕದಲ್ಲಿತ್ತು. ಅಷ್ಟುದ್ದ ಹಿಡಿಸಲಿಲ್ಲ. "ಹೊಲದ ಕೆಲಸಕ್ಕಾಗಿ ಮೂರು ತಿಂಗಳು ಸೂಟಿ" ಎಂದು ಬರೆದೆ. ಕಡೆಯ ಪಟ್ಟಿಗೆ ಬರುವಾಗ ಬೆರಳಗಲದ ಜಾಗ ಉಳಿದಿತ್ತು. ಅದರಲ್ಲಿ ಮೇಲಿನಿಂದ ಕೆಳಗೆ ಉದ್ದಕ್ಕೆ, ಸಣ್ಣಕ್ಷರದಲ್ಲಿ, "ನಮ್ಮ ದೇಶ: ಎಲ್ಲರಿಗೂ ತಿಳಿದಿದ್ದೇ ಇದೆ" ಎಂದು ಬರೆದು ಮುಗಿಸಿದೆ.

ಪ್ರದರ್ಶನಕ್ಕೆ ಇನ್ನೂ ಬಹಳ ದಿನವಿದ್ದುದರಿಂದ ಹೆಡ್ ಮಾಸ್ತರರು ಚಾರ್ಟನ್ನು ಪಡಸಾಲೆಯಲ್ಲಿ ತೂಗು ಹಾಕಿಸಿದರು. ಅಲ್ಲಿಂದ ನನ್ನ ಕಷ್ಟ ಶುರು. ಊರಿನವರು ಅಂಗಡಿಯಲ್ಲಿ ಬಟ್ಟೆ ಆರಿಸಿದ ಹಾಗೆ ತಮಗೆ ಬೇಕಾದ ದೇಶ ಆರಿಸಿಕೊಳ್ಳತೊಡಗಿದರು. ಜವಾನ ರಾಜೇಸಾಬ ಮರುದಿನವೇ ಜಪಾನು ಸೇರಿದ. ಕಸಬರಿಗೆಯನ್ನು ಹತ್ತನೇ ತರಗತಿಯ ಬಾಗಿಲಿಗೆ ಒರಗಿಸಿ, "ಅಲ್ಲಿ ಬರದೈತಲ್ರಿ, ಹುಡುಗೂರ ಕಸಾ ಹೊಡೀಬೇಕಂತ. ನಾ ಘಂಟಿ ಅಷ್ಟ ಹೊಡಿತೇನ್ರಿ" ಎಂದು ಬೇವಿನ ಮರದ ಕೆಳಗೆ ಕುಳಿತ. ರಷ್ಯಾದಲ್ಲಿ ಶಾಲೆ ಮುಗಿದ ಮೇಲೂ ಮಾಸ್ತರರು ಮಕ್ಕಳಿಗೆ ಸಂಗೀತ, ಚದುರಂಗ ಕಲಿಸುತ್ತಾರೆಂಬುದು ಹೆಡ್ ಮಾಸ್ತರರಿಗೆ ಹಿಡಿಸಿತು. ಸಂಜೆ ಒಂದು ತಾಸು ಹೆಚ್ಚಿಗೆ ಇರಬೇಕೆಂದು ನಮಗೆಲ್ಲ ಹುಕುಂ ಬಂತು. ನಾನು ತರಗತಿಗೆ ಕಾಲಿಟ್ಟರೆ ಹಿಂದಿನ ಸಾಲಿನ ಹುಡುಗರು ಎದ್ದು ನಿಲ್ಲಲಿಲ್ಲ.

"ಏನಲೇ, ಮಾಸ್ತರ ಬಂದಿದ್ದ ಕಾಣ್ಸೂದಿಲ್ಲೇನು?"

"ಕಾಣ್ತೈತ್ರಿ ಸರ್. ಈ ಸಾಲಿನಾವ್ರು ಇವತ್ತ ಅಮೇರಿಕಾರಿ" ಎಂದ ಒಬ್ಬ, ಅಗದಿ ವಿನಯದಿಂದ.

ಅಮೇರಿಕಾದಲ್ಲಿ ಮಾಸ್ತರರು ಬಂದರೆ ಏಳುವ ಪದ್ಧತಿಯಿಲ್ಲವೆಂದು ಬರೆದವನು ನಾನೇ. ಹೊಡೆಯೋಣವೆಂದರೆ ಅಮೇರಿಕಾದಲ್ಲಿ ಹೊಡೆಯುತ್ತಾರೋ ಇಲ್ಲವೋ ಬರೆದಿರಲಿಲ್ಲ. ಬರೆಯದ ವಿಷಯದಲ್ಲಿ ಯಾವ ದೇಶದ ಕಾಯಿದೆ ನಡೆಯಬೇಕೆಂದು ವಿಚಾರ ಮಾಡುತ್ತ ನಿಂತೆ. ಅಷ್ಟರಲ್ಲಿ ರಾಜೇಸಾಬ ಘಂಟೆ ಹೊಡೆದುಬಿಟ್ಟ.

ಇದನ್ನೆಲ್ಲ ನಗುತ್ತ ಸಹಿಸಿಕೊಂಡೇನು. ಆದರೆ ಫೆಬ್ರವರಿಯಲ್ಲಿ ಒಂದು ದಿನ ಹಾಜರಿ ಕರೆಯುವಾಗ ನೀಲವ್ವ ಬಂದಿಲ್ಲವೆಂದು ತಿಳಿಯಿತು. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ನೀಲವ್ವ ಎರಡು ಮೈಲಿಯಾಚೆಯ ಹಳ್ಳಿಯ ಫಕ್ಕೀರಪ್ಪನ ಮಗಳು. ಆ ಹಳ್ಳಿಯಿಂದ ಹತ್ತನೆಯವರೆಗೆ ಬಂದ ಮೊದಲ ಹುಡುಗಿ. ಜಾಣೆ. ಅವಳದೊಂದೇ ದೋಷ, ದಿನಾ ತಡವಾಗಿ ಬರುತ್ತಿದ್ದಳು. ದಿನಾ ನಾನು "ಯಾಕ ತಡಾ?" ಎಂದು ಕೇಳುತ್ತಿದ್ದೆ. ತಡವಾಗಿಯೇ ಬರಲಿ, ಬರುತ್ತಿದ್ದಳಲ್ಲ. ಈಗ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಬರೀ ಸೊನ್ನೆಗಳು. ಹೆಡ್ ಮಾಸ್ತರರು ಪುಸ್ತಕ ತಿರುವಿ, "ಹಿಂದ ಜ್ವರ ಬಂದಾಗ ಬ್ಯಾರೆ ಹದಿನೈದ ದಿನಾ ತಪ್ಪಿಸ್ಯಾಳ. ಸೋಮವಾರ ಬರಲಿಲ್ಲಂದ್ರ ಹಾಜರಿ ಕಮ್ಮಿ ಬೀಳ್ತೈತಿ, ಪರೀಕ್ಷಾಕ್ಕ ಕುಂಡ್ರಾಕ ಬರೂದಿಲ್ಲ. ನನ್ನ ಕೈಯಾಗ ಏನೂ ಇಲ್ಲ" ಎಂದರು. ಅಂದು ಶನಿವಾರ.

"ಯಾಕ ಬಂದಿಲ್ಲ ಆಕಿ?" ಎಂದು ರಾಜೇಸಾಬನನ್ನು ಕೇಳಿದೆ. ಅವನು ಆ ಹಳ್ಳಿಯವನೇ.

"ಫಕ್ಕೀರಪ್ಪಣ್ಣ ಬಿಡಿಸ್ಯಾನ್ರಿ, ಹತ್ತಿ ಬಿಡಿಸಾಕ. ಹ್ವಾದ ವಾರ ಮಗಳ ಸಂಗಾಟ ಬಂದು ನಿಮ್ಮ ಚಾರ್ಟ್ ಓದಿಸಿಕೊಂಡ ಹೋಗ್ಯಾನ್ರಿ. ಅಮೇರಿಕಾದಾಗ ಹೊಲದ ಕೆಲಸಕ್ಕ ಮೂರ ತಿಂಗಳ ಸೂಟಿ ಐತಂತಲ್ರಿ. ಮಾಸ್ತರ ಬರದಾರಂದ ಮ್ಯಾಲ ಸುಳ್ಳೇನು ಅಂತ ಊರ ತುಂಬ ಹೇಳಾಕತ್ತಾನ್ರಿ."

ಜಾಗವಿಲ್ಲವೆಂದು ನಾನು ಬಿಟ್ಟ ಎರಡು ಶಬ್ದ, "ಹಿಂದಿನ ಕಾಲದಲ್ಲಿ", ಒಬ್ಬ ಹುಡುಗಿಯ ಪರೀಕ್ಷೆ ನುಂಗಿ ಕುಳಿತಿದ್ದವು. ಶನಿವಾರ ಅರ್ಧ ದಿನದ ಶಾಲೆ. ಬಿಟ್ಟದ್ದೇ ತಡ, ಊಟಕ್ಕೂ ಹೋಗದೆ ಬದುವು ಹಿಡಿದು ಹೊರಟೆ.

ಫಕ್ಕೀರಪ್ಪನ ಹೊಲ ಬೆಳ್ಳಗೆ ಅರಳಿ ನಿಂತಿತ್ತು. ನಾಲ್ಕೈದು ಹೆಂಗಸರು ಸೀರೆಯ ಸೆರಗನ್ನು ಉಡಿ ಕಟ್ಟಿ ಅದರೊಳಗೆ ಹತ್ತಿ ತುಂಬುತ್ತಿದ್ದರು. ಅವರ ನಡುವೆ ನೀಲವ್ವ, ಲಂಗದ ಮೇಲೆ ತಾಯಿಯ ಹಳೇ ಸೀರೆಯ ತುಂಡು ಕಟ್ಟಿಕೊಂಡು. ನನ್ನನ್ನು ಕಂಡು ತಲೆ ತಗ್ಗಿಸಿದಳು. ಫಕ್ಕೀರಪ್ಪ ಮಾತ್ರ ಬೀಗರು ಬಂದಂತೆ ಸಂಭ್ರಮಪಟ್ಟ. "ಬರ್ರಿ ಬರ್ರಿ ಮಾಸ್ತರ, ಬಿಸಲಾಗ ಬಂದೀರಿ. ನೀರ ಕುಡೀರಿ" ಎಂದು ತಂಬಿಗೆ ಕೊಟ್ಟ.

ನೀರು ಕುಡಿದು ಹೇಳಿದೆ: "ಫಕ್ಕೀರಪ್ಪ, ಹುಡುಗೀನ ಸೋಮವಾರ ಸಾಲಿಗಿ ಕಳಸಬೇಕು. ಇಲ್ಲಂದ್ರ ಪರೀಕ್ಷಾ ಹೋಗ್ತೈತಿ."

"ಕಳಸ್ತೀನ್ರಿ. ಎಂಟ ದಿನಾ ತಡೀರಿ. ಅಮೇರಿಕಾದಾಗ ಮೂರ ತಿಂಗಳಂತ, ನಾ ಎಂಟ ದಿನಾ ಕೇಳೀನಿ. ಹೆಚ್ಚಾತೇನ್ರಿ?"

"ಅದು ಅಮೇರಿಕಾ. ಅದೂ ಹಿಂದಿನ ಕಾಲದಾಗ."

"ಹಿಂದಿನ ಕಾಲದಾಗ ಅಂತ ಬರದಿಲ್ಲಲ್ರಿ. ನನ್ನ ಮಗಳು ಓದಾಕ ತಪ್ಪ್ಯಾಳೇನು?"

ಮಗಳು ತಪ್ಪಿಲ್ಲವೆಂದು ಒಪ್ಪಿಕೊಳ್ಳಲೇಬೇಕಾಯಿತು. ಅಮೇರಿಕಾ ಕೈಬಿಟ್ಟು ರಷ್ಯಾ ಹಿಡಿದೆ. "ರಷ್ಯಾದಾಗ ನೋಡು, ಹುಡುಗೂರು ಒಂದ ದಿನಾನೂ ತಪ್ಪಸೂದಿಲ್ಲ."

"ಅಲ್ಲಿ ಹೊಲಾ ಯಾರದ್ರಿ?"

"ಸರ್ಕಾರದ್ದು."

"ಹಂಗಾರ ಆ ಸರ್ಕಾರಕ್ಕ ಹೇಳ್ರಿ, ಬಂದು ನಂದೂ ಬಿಡಿಸಿ ಹೋಗ್ಲಿ" ಎಂದ. ಹೆಂಗಸರು ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಮುಗಿಲು ನೋಡಿದ. "ಗಾಳಿ ಏಳಾಕತ್ತೈತ್ರಿ ಮಾಸ್ತರ. ಒಡದ ಹತ್ತಿ ನೆಲಕ್ಕ ಬಿತ್ತಂದ್ರ ಮಣ್ಣು, ಕಸ. ಯಾಂವ ತಗೊಂತಾನ? ಆಳು ಸಿಗವಲ್ರು. ಇಕಿ ಕೈ ಭಾಳ ಚುರುಕ ಅದಾವು. ನನಗೇನು ಮಗಳು ಓದೂದು ಬ್ಯಾಡಾಗೇತೇನ್ರಿ?"

ಅವನ ಮಾತು ಸರಿ ಎನಿಸಿತು. ನನ್ನ ಮಾತೂ ಸರಿಯೇ ಇತ್ತು. ಎರಡು ಸರಿಗಳ ನಡುವೆ ನಿಂತರೆ ನನ್ನ ಗತಿ ಏನಾಗುತ್ತದೆಂದು ಮೊದಲೇ ಹೇಳಿದ್ದೇನೆ. ತಲೆ ಗಿರ್ರೆಂದಿತು. ಇನ್ನೊಂದು ದೇಶ ಉಳಿದಿತ್ತಲ್ಲ ಎಂದು ಬಾಯಿಗೆ ಬಂದದ್ದನ್ನು ಅಂದೆ: "ಜಪಾನಿನಾಗ ಹುಡುಗೂರು ಕೆಲಸಾನೂ ಮಾಡ್ತಾರ, ಸಾಲೀನೂ ಕಲೀತಾರ. ಎಲ್ಲಾರೂ ಕೂಡಿ ಮಾಡ್ತಾರ, ಅದಕ್ಕ ಲಗೂ ಮುಗೀತೈತಿ."

ಫಕ್ಕೀರಪ್ಪ ಕಣ್ಣು ಕಿರಿದು ಮಾಡಿದ. "ಎಲ್ಲಾರೂ ಅಂದ್ರ? ಮಾಸ್ತರೂ ಮಾಡ್ತಾರೇನ್ರಿ?"

ನನ್ನ ಸೆಲ್ಲು ಸತ್ತದ್ದು ಸರಿಯಾಗಿ ಅಲ್ಲಿಯೇ. ಜಪಾನಿನ ಮಾಸ್ತರರು ಕಸಬರಿಗೆ ಹಿಡಿಯುತ್ತಾರೋ, ಕುರ್ಚಿಯಲ್ಲಿ ಕುಳಿತಿರುತ್ತಾರೋ ನನಗೇನು ಗೊತ್ತು? ಇಲ್ಲವೆಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಮಾಡ್ತಾರ" ಎಂದೆ.

"ಹಂಗಾರ ಕಟ್ರಿ ಉಡಿ. ನಾಳಿ ಹೊತ್ತ ಮುಣಗೂದರಾಗ ಹೊಲದ ಈ ಪಟ್ಟಿ ಮುಗಸ್ರಿ, ಸೋಮವಾರ ಆಕೀನ್ನ ನಾನ ಮುಂದ ನಿಂತ ಕಳಸ್ತೀನಿ" ಎಂದು ತನ್ನ ಹೆಗಲ ಮೇಲಿನ ಟವೆಲು ತೆಗೆದು ನನ್ನ ಸೊಂಟಕ್ಕೆ ತಾನೇ ಕಟ್ಟಿದ.

ಹತ್ತಿ ಬಿಡಿಸುವುದು ನೋಡಲಿಕ್ಕೆ ಹೂವು ಕೀಳುವಂತೆ ಕಾಣುತ್ತದೆ. ನಾನು ಮೊದಲ ಕಾಯಿಗೆ ಕೈ ಹಾಕಿದಾಗ ಹತ್ತಿಯ ಜೊತೆ ಒಣಗಿದ ಎಲೆ, ಸಿಪ್ಪೆ, ಕಡ್ಡಿ ಎಲ್ಲ ಬಂದವು. ಒಂದು ಸಲ ಗಿಡವೇ ಬಂತು. ಪಕ್ಕದ ಸಾಲಿನ ಮುದುಕಿಯೊಬ್ಬಳು ನನ್ನ ಉಡಿಯೊಳಗೆ ಇಣುಕಿ, "ಯವ್ವಾ, ಮಾಸ್ತರ ಹತ್ತಿ ಬಿಟ್ಟು ಉಳದಿದ್ದೆಲ್ಲಾ ಬಿಡಿಸ್ಯಾರ ನೋಡ್ರೆ!" ಎಂದು ಕೂಗಿದಳು. ಕೊನೆಗೆ ನೀಲವ್ವನ ಬಾಜು ಸಾಲಿಗೆ ನನ್ನನ್ನು ಕಳಿಸಿದರು. ಅವಳು ಐದು ಬೆರಳನ್ನು ಕೂಡಿಸಿ ಒಂದೇ ಎಳೆತಕ್ಕೆ ಬೆಳ್ಳನೆಯ ಹತ್ತಿ ತೆಗೆದು ತೋರಿಸಿದಳು. ನಾನು ಎಳೆದೆ, ಬೆರಳಿಗೆ ಸಿಪ್ಪೆ ಚುಚ್ಚಿತು. "ಹಂಗಲ್ರಿ ಸರ್, ಇನ್ನೊಮ್ಮೆ ನೋಡ್ರಿ" ಎಂದು ಮತ್ತೆ ತೋರಿಸಿದಳು. ನಾಲ್ಕನೆಯ ಸಲವೂ ಬೇಸರಿಸಿಕೊಳ್ಳಲಿಲ್ಲ. ನಾನಾದರೆ ಎರಡನೆಯ ಸಲಕ್ಕೇ ಕಿವಿ ಹಿಂಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅವಳು, "ಸರ್, ಒಂದ ಮಾತ ಕೇಳ್ಲೇನ್ರಿ?" ಎಂದಳು.

"ಕೇಳವಾ."

"ಚಾರ್ಟಿನಾಗ ನಮ್ಮ ದೇಶದ್ದು ಎಲ್ಲಾರಿಗೂ ತಿಳಿದಿದ್ದೇ ಐತಿ ಅಂತ ಬರದೀರಿ. ಯಾರಿಗೆ ತಿಳದೈತ್ರಿ?"

"ಯಾರಿಗೆ ಅಂದ್ರ? ಎಲ್ಲಾರಿಗೂ."

"ಹಂಗಾರ ನೀವು ನನ್ನ ದಿನಾ ಯಾಕ ತಡಾ ಅಂತ ಯಾಕ ಕೇಳ್ತೀರಿ?"

ನನ್ನ ಕೈ ಕಾಯಿಯ ಮೇಲೇ ನಿಂತಿತು. ಅವಳ ಕೈ ನಿಲ್ಲಲಿಲ್ಲ. ಹತ್ತಿ ಬಿಡಿಸುತ್ತಲೇ, ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು. ಕೋಳಿ ಕೂಗುವಾಗ ಏಳುವುದು, ದನದ ಸಗಣಿ ಬಳಿಯುವುದು, ಬಾವಿ ನೀರು ಸವಳಾದ್ದರಿಂದ ಕೆರೆಗೆ ಎರಡು ಸಲ ಹೋಗಿ ಕೊಡ ತರುವುದು, ಹನ್ನೆರಡು ರೊಟ್ಟಿ ಬಡಿಯುವುದು, ತಮ್ಮನನ್ನು ಎಬ್ಬಿಸಿ ಜಳಕ ಮಾಡಿಸುವುದು, ಆಮೇಲೆ ಎರಡು ಮೈಲಿ ನಡೆಯುವುದು. "ಓಡಿ ಬಂದ್ರೂ ನಿಮ್ಮ ಹಾಜರಿ ಮುಗದಿರ್ತೈತ್ರಿ. ಜಪಾನಿನಾಗ ಸಾಲಿ ಕಸ ಹೊಡೀತಾರಂತ ನೀವು ಬರದಿದ್ದ ಹೇಳಿದ್ರ ನಮ್ಮವ್ವ ನಕ್ಕಳ್ರಿ. 'ಬರೇ ಅಷ್ಟನ?' ಅಂದ್ಳು."

ಮೂರು ವರ್ಷದಿಂದ ಆ ಹುಡುಗಿಗೆ ಪಾಠ ಹೇಳುತ್ತಿದ್ದೆ. ರಷ್ಯಾದ ಹುಡುಗ ಬೆಳಿಗ್ಗೆ ಏನು ತಿನ್ನುತ್ತಾನೆಂಬುದನ್ನು ಗಣಿತದ ಪುಸ್ತಕದ ರಟ್ಟು ಬಿಚ್ಚಿ ಓದಿದ ಮನುಷ್ಯ ನಾನು. ಇವಳನ್ನು ಮಾತ್ರ ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದೆ ನಿಜ, ಆದರೆ ಬಾಗಿಲಲ್ಲಿ ನಿಲ್ಲಿಸಿ. ನನಗೆ ನಾಚಿಕೆಯಾಯಿತು. ಬಿಸಿಲಿಗೆ ಮುಖ ಮೊದಲೇ ಕೆಂಪಾಗಿತ್ತು, ಯಾರಿಗೂ ಗೊತ್ತಾಗಲಿಲ್ಲ.

ರವಿವಾರ ಬೆಳಿಗ್ಗೆ ನಾನು ಸೊಂಟ ಹಿಡಿದುಕೊಂಡು ಹೊಲಕ್ಕೆ ಹೋದರೆ, ಹಿಂದಿನ ಸಾಲಿನ ಹುಡುಗರೆಲ್ಲ ಅಲ್ಲಿದ್ದರು. ರಾಜೇಸಾಬ ಸುದ್ದಿ ಮುಟ್ಟಿಸಿದ್ದ. "ಇವತ್ತ ನಾವು ಜಪಾನ್ರಿ ಸರ್" ಎಂದು ಹಲ್ಲು ಕಿಸಿದರು. ಅವರ ಕೈಗಳು ನನ್ನವಕ್ಕಿಂತ ಎಷ್ಟೋ ಬಲ್ಲವು. ಅವರೂ ಹೊಲದ ಮಕ್ಕಳೇ ಎಂಬುದು ನನಗೆ ಆಗ ಹೊಳೆಯಿತು. ಮಧ್ಯಾಹ್ನ ಫಕ್ಕೀರಪ್ಪನ ಹೆಂಡತಿ ಬುಟ್ಟಿ ತುಂಬ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ತಂದಳು. ಹೊತ್ತು ಮುಳುಗುವ ಮುನ್ನ ಪಟ್ಟಿ ಮುಗಿಯಿತು. ನಾನು ಬಿಡಿಸಿದ್ದನ್ನು ಬೇರೆ ಗುಂಪು ಹಾಕಿದರು, ಮತ್ತೊಮ್ಮೆ ಆರಿಸಲಿಕ್ಕೆ.

ಸೋಮವಾರ ಫಕ್ಕೀರಪ್ಪ ಮಾತಿನಂತೆ ಮಗಳನ್ನು ಶಾಲೆಯ ಬಾಗಿಲತನಕ ಬಿಟ್ಟು ಹೋದ. ಹಾಜರಿ ಉಳಿಯಿತು. ಮುಂದೆ ಅವಳು ಪರೀಕ್ಷೆಗೆ ಕುಳಿತಳು, ಪಾಸೂ ಆದಳು. ಆ ಸೋಮವಾರ ಸಂಜೆ ನಾನು ಚಾರ್ಟಿನ ಕೊನೆಗೆ ಹೊಸದೊಂದು ಹಾಳೆ ಅಂಟಿಸಿ ಸ್ಕೆಚ್ ಪೆನ್ನು ಅವಳ ಕೈಗೆ ಕೊಟ್ಟೆ. "ನಮ್ಮ ದೇಶ" ಈಗ ಉಳಿದ ಮೂರು ದೇಶಗಳನ್ನು ಕೂಡಿಸಿದರೂ ಮಿಗುವಷ್ಟು ಅಗಲವಾಯಿತು. ಕೊಡ, ರೊಟ್ಟಿ, ಸಗಣಿ, ಹತ್ತಿ ಎಲ್ಲ ಬಂದವು. ಪ್ರದರ್ಶನದಲ್ಲಿ ನಮಗೆ ಬಹುಮಾನ ಬರಲಿಲ್ಲ. "ವಿದೇಶದ್ದು ಕಮ್ಮಿ ಐತ್ರಿ" ಎಂದು ಪರೀಕ್ಷಕರು ಹೇಳಿದರು. ಅವರಲ್ಲೊಬ್ಬರು ಕೊನೆಯ ಪ್ರಶ್ನೆಯ ಎದುರಿಗೆ ನಿಂತು ಎರಡು ಸಲ ಓದಿ ನನ್ನ ಮುಖ ನೋಡಿದರು. ಮಾಸ್ತರರು ಹೇಗಿರುತ್ತಾರೆ ಎಂಬ ಪ್ರಶ್ನೆ ಅದು. ನೀಲವ್ವ ಬರೆದಿದ್ದಳು: "ಯಾಕೆ ತಡ ಎಂದು ದಿನಾಲೂ ಕೇಳುತ್ತಾರೆ. ಹೇಳುವುದರೊಳಗೆ ಪಾಠ ಶುರು ಮಾಡಿಬಿಡುತ್ತಾರೆ."

ಆಮೇಲೆ ನಾನು ಆ ಪ್ರಶ್ನೆ ಕೇಳುವುದನ್ನು ಬಿಟ್ಟೆ. ಆದರೂ ಒಂದು ಲೆಕ್ಕ ಬಾಕಿಯಿತ್ತೆಂದು ಕಾಣುತ್ತದೆ. ಪರೀಕ್ಷೆಗೆ ಒಂದು ವಾರವಿದ್ದಾಗ ನಾನೇ ತಡವಾಗಿ ಹೋದೆ. ನಮ್ಮಾಕೆ, "ನಲ್ಲಿ ನೀರ ಬಂದಿಲ್ಲ, ಕೆರಿಯಿಂದ ಎರಡ ಕೊಡ ತಂದ ಹೋಗ್ರಿ, ಜಪಾನಿನ ಮಾಸ್ತರರು ಎಲ್ಲಾ ಕೆಲಸ ಮಾಡ್ತಾರಂತಲ್ಲ" ಎಂದು ಕೊಡ ಹೊರಿಸಿದ್ದಳು. ಅಂಗಿ ತೊಯ್ದು ಮೈಗೆ ಅಂಟಿತ್ತು. ತರಗತಿಯ ಬಾಗಿಲಿಗೆ ಬಂದಾಗ ಎಲ್ಲರೂ ಎದ್ದು ನಿಂತರು, ಅಮೇರಿಕಾದವರು ಕೂಡ. ಹಿಂದಿನ ಸಾಲಿನಿಂದ ಒಬ್ಬ, "ಯಾಕ್ರಿ ಸರ್ ತಡಾ?" ಎಂದ. ಹೇಳಲಿಕ್ಕೆ ನನಗೆ ಬೇಕಾದಷ್ಟಿತ್ತು. ಕೆರೆಯ ದಾರಿ, ಸೊಂಟದ ನೋವು, ಕೊಡದ ಭಾರ, ಯಾವುದನ್ನು ಮೊದಲು ಹೇಳಬೇಕೆಂದು ಗೊಂದಲವಾಗಿ, ಕಡೆಗೆ ಕೆರೆಯಿಂದಲೇ ಶುರು ಮಾಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ನೀಲವ್ವ ಪುಸ್ತಕ ಬಿಚ್ಚಿ ಗಟ್ಟಿಯಾಗಿ ಪಾಠ ಓದಲು ಶುರು ಮಾಡಿದ್ದಳು.